ಗುಟ್ಟಿನ ಮಗು, ಮರಳಿದ ಪ್ರೇಮ: ಕಳೆದ ವರ್ಷಗಳಿಗೆ ಹೊಣೆ ಯಾರು?

ಐದು ವರ್ಷದ ಹುಡುಗನೊಬ್ಬ ಚೆಂಡಿನ ಹಿಂದೆ ಓಡಿಬಂದು ಅಪರಿಚಿತನೊಬ್ಬನ ಕಾಲಿಗೆ ಡಿಕ್ಕಿ ಹೊಡೆಯುತ್ತಾನೆ. ಆತ ಬಗ್ಗಿ ಹುಡುಗನನ್ನು ಎತ್ತಿ ನಿಲ್ಲಿಸುತ್ತಾನೆ. ಕಣ್ಣಿನ ಬಣ್ಣ, ಗಲ್ಲದ ಕುಳಿ, ಹುಬ್ಬು ಗಂಟಿಕ್ಕುವ ರೀತಿ ಎಲ್ಲವೂ ಆತ ದಿನವೂ ಕನ್ನಡಿಯಲ್ಲಿ ಕಾಣುವಂಥವೇ. ತಲೆಯೆತ್ತಿ ನೋಡಿದರೆ ಎದುರಿಗೆ ಮುಖ ಬಿಳಿಚಿಕೊಂಡು ನಿಂತ ಹೆಂಗಸು. ಆರು ವರ್ಷಗಳ ಹಿಂದೆ ಆತ ಪ್ರೀತಿಸಿ ತೊರೆದುಹೋದವಳು.

ಇಂಗ್ಲಿಷಿನ ಪ್ರಣಯ ಕಾದಂಬರಿಗಳನ್ನು ಓದಿ ಬಲ್ಲವರಿಗೆ ಈ ದೃಶ್ಯ ಚಿರಪರಿಚಿತ. ಊರು ಬದಲಾಗಬಹುದು; ನಾಯಕ ಗ್ರೀಸಿನ ಹಡಗು ಉದ್ಯಮಿಯಾಗಿರಬಹುದು, ಇಲ್ಲವೇ ಟೆಕ್ಸಾಸಿನ ಜಾನುವಾರು ಸಾಕಣೆಗಾರನಾಗಿರಬಹುದು. ಚೌಕಟ್ಟು ಮಾತ್ರ ಅದೇ. ಪ್ರಕಾಶನ ವಲಯದಲ್ಲಿ ಈ ಕಥಾಸೂತ್ರವನ್ನು ‘ಸೀಕ್ರೆಟ್ ಬೇಬಿ’ ಎನ್ನುತ್ತಾರೆ. ಕನ್ನಡದಲ್ಲಿ ಗುಟ್ಟಿನ ಮಗು ಎನ್ನಬಹುದು: ತಂದೆಗೆ ತಿಳಿಯದಂತೆ ಹುಟ್ಟಿ, ತಂದೆಗೆ ತಿಳಿಯದಂತೆಯೇ ಬೆಳೆದ ಮಗು. ಇದರ ಒಡಹುಟ್ಟು ‘ಸೆಕೆಂಡ್ ಚಾನ್ಸ್’, ಅಂದರೆ ಒಮ್ಮೆ ಮುರಿದುಬಿದ್ದ ಪ್ರೇಮಕ್ಕೆ ದೊರೆಯುವ ಎರಡನೆಯ ಅವಕಾಶ. ಮಗುವಿಲ್ಲದೆಯೂ ಎರಡನೆಯ ಅವಕಾಶದ ಕಥೆ ನಡೆಯುತ್ತದೆ. ಗುಟ್ಟಿನ ಮಗುವಿನ ಕಥೆಗೆ ಮಾತ್ರ ಎರಡನೆಯ ಅವಕಾಶ ಬಹುಮಟ್ಟಿಗೆ ಬೇಕೇ ಬೇಕು.

ಇವೆರಡನ್ನೂ ಅಗ್ಗದ ತಂತ್ರಗಳೆಂದು ತಳ್ಳಿಹಾಕುವವರು ಅನೇಕರು. ಆ ಮಾತಿನಲ್ಲಿ ಸತ್ಯಾಂಶ ಇಲ್ಲದಿಲ್ಲ. ಆದರೆ ಇಂಥ ಕಥೆ ಬರೆಯಲು ಕೂತವರೆಲ್ಲ ಒಂದು ಕಠಿಣ ಪ್ರಶ್ನೆಗೆ ಉತ್ತರ ಹುಡುಕಲೇಬೇಕಾಗುತ್ತದೆ. ತಂದೆ ಮಗುವಿನ ಮೊದಲ ಹೆಜ್ಜೆಯನ್ನು ಕಾಣಲಿಲ್ಲ, ಮಗು ತಂದೆಯನ್ನು ಕಾಣಲಿಲ್ಲ, ತಾಯಿ ಒಬ್ಬಂಟಿಯಾಗಿ ದುಡಿದಳು. ಹಾಗಾದರೆ ಕಳೆದುಹೋದ ಆ ವರ್ಷಗಳಿಗೆ ಹೊಣೆ ಯಾರು? ಕಾದಂಬರಿಯ ಗುಣವನ್ನು ಬಹುತೇಕ ಈ ಒಂದು ಉತ್ತರವೇ ನಿರ್ಧರಿಸುತ್ತದೆ.

ರಕ್ಷಾಪುಟದಲ್ಲೇ ಬಯಲಾಗುವ ಗುಟ್ಟು

ಈ ಕಥಾಸೂತ್ರಗಳನ್ನು ಮನೆಮಾತಾಗಿಸಿದ ಸಂಸ್ಥೆಗಳಲ್ಲಿ ಮಿಲ್ಸ್ ಅಂಡ್ ಬೂನ್ ಪ್ರಮುಖವಾದುದು. ಜೆರಾಲ್ಡ್ ಮಿಲ್ಸ್ ಮತ್ತು ಚಾರ್ಲ್ಸ್ ಬೂನ್ 1908ರಲ್ಲಿ ಲಂಡನ್ನಿನಲ್ಲಿ ಇದನ್ನು ಸ್ಥಾಪಿಸಿದರು. ಕೆನಡಾದ ವಿನಿಪೆಗ್‌ನಲ್ಲಿ 1949ರಲ್ಲಿ ಆರಂಭವಾದ ಹಾರ್ಲೆಕ್ವಿನ್ ಸಂಸ್ಥೆ 1971ರಲ್ಲಿ ಅದನ್ನು ಕೊಂಡುಕೊಂಡಿತು. 2014ರಲ್ಲಿ ಹಾರ್ಲೆಕ್ವಿನ್ ಹಾರ್ಪರ್‌ಕಾಲಿನ್ಸ್ ತೆಕ್ಕೆಗೆ ಸೇರಿತು. ಬೆಂಗಳೂರು, ಮೈಸೂರುಗಳ ಬಾಡಿಗೆ ಪುಸ್ತಕದ ಅಂಗಡಿಗಳಲ್ಲಿ ಮೂಲೆ ಮಡಚಿ, ರಕ್ಷಾಪುಟ ಸವೆದು ಕೈಯಿಂದ ಕೈಗೆ ದಾಟಿದ ಈ ಪುಸ್ತಕಗಳಿಗೆ ಭಾರತದಲ್ಲಿ ದೊಡ್ಡ ಓದುಗ ಬಳಗವಿತ್ತು. 2008ರಲ್ಲಿ ಸಂಸ್ಥೆ ಇಲ್ಲಿ ತನ್ನದೇ ಕಚೇರಿ ತೆರೆಯಿತು. 2010ರಲ್ಲಿ ಬೆಂಗಳೂರಿನ ಮಿಲನ್ ವೋಹ್ರಾ ಅವರ ‘ದಿ ಲವ್ ಆಸನ’ ಪ್ರಕಟವಾದಾಗ ಭಾರತೀಯ ಲೇಖಕಿಯೊಬ್ಬರ ಹೆಸರು ಆ ಪಟ್ಟಿಗೆ ಸೇರಿತು.

ಈ ಮಾದರಿಯ ಪುಸ್ತಕಗಳಲ್ಲಿ ಗುಟ್ಟು ಓದುಗರಿಗೆ ಗುಟ್ಟಲ್ಲ. ‘ಗುಟ್ಟಿನ ಮಗು’, ‘ಗುಟ್ಟಿನ ವಾರಸುದಾರ’ ಎಂಬ ಅರ್ಥದ ಮಾತುಗಳು ಶೀರ್ಷಿಕೆಯಲ್ಲೇ ಇರುತ್ತವೆ. ಹಾರ್ಲೆಕ್ವಿನ್ ‘ಸೀಕ್ರೆಟ್ ಏರ್ಸ್ ಆಫ್ ಬಿಲಿಯನೇರ್ಸ್’ ಎಂಬ ಉಪಮಾಲಿಕೆಯನ್ನೇ ಹೊರತಂದಿತ್ತು. ಪುಸ್ತಕ ಕೈಗೆತ್ತಿಕೊಂಡ ಕ್ಷಣದಲ್ಲೇ ಓದುಗರಿಗೆ ಎಲ್ಲವೂ ಗೊತ್ತು; ಗೊತ್ತಿಲ್ಲದಿರುವುದು ನಾಯಕನಿಗೆ ಮಾತ್ರ. ಸುಮಾರು 50,000 ಪದಗಳ ಚಿಕ್ಕ ಕಾದಂಬರಿಯಲ್ಲಿ ಕುತೂಹಲವೆಲ್ಲ ಆತನಿಗೆ ಯಾವಾಗ, ಯಾರ ಬಾಯಿಂದ ತಿಳಿದೀತು, ತಿಳಿದ ಮೇಲೆ ಆತ ಹೇಗೆ ನಡೆದುಕೊಂಡಾನು ಎಂಬುದರ ಸುತ್ತ ಸುತ್ತುತ್ತದೆ. ಸುಖಾಂತ್ಯವೂ ಮೊದಲೇ ನಿಶ್ಚಿತ. ಅಮೆರಿಕದ ಪ್ರಣಯ ಲೇಖಕರ ಸಂಘ ಈ ಪ್ರಕಾರಕ್ಕೆ ಕೊಟ್ಟ ವ್ಯಾಖ್ಯೆಯಲ್ಲಿ ಎರಡೇ ಷರತ್ತುಗಳು: ಪ್ರೇಮಕಥೆ ಕೇಂದ್ರದಲ್ಲಿರಬೇಕು, ಕೊನೆ ಭರವಸೆ ಮೂಡಿಸುವಂತಿರಬೇಕು.

ಹಾಗಿದ್ದರೂ ಲೇಖಕಿಯರು ಈ ಸೂತ್ರಕ್ಕೆ ಮತ್ತೆ ಮತ್ತೆ ಮರಳುವುದೇಕೆ? ಪ್ರೇಮಕಥೆಗೆ ಅಡ್ಡಿ ಬೇಕು. ಹಿಂದೆ ಜಾತಿ, ಅಂತಸ್ತು, ಹಿರಿಯರ ಮಾತು, ಮುರಿಯಲಾಗದ ವಿವಾಹಬಂಧನ ಎಂಬ ಅಡ್ಡಿಗಳು ಕಥೆಗಾರರಿಗೆ ಸಲೀಸಾಗಿ ಸಿಗುತ್ತಿದ್ದವು. ಇಪ್ಪತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಪಾಶ್ಚಾತ್ಯ ಸಮಾಜದಲ್ಲಿ ಇವು ಒಂದೊಂದಾಗಿ ಸಡಿಲಗೊಂಡವು. ಬೇಡವಾದರೆ ಬೇರೆಯಾಗುವ ಇಬ್ಬರನ್ನು ಮತ್ತೆ ಒಂದೇ ಕೋಣೆಗೆ ತರುವುದಾದರೂ ಹೇಗೆ? ಮಗು ಆ ಕೆಲಸವನ್ನು ಮಾಡುತ್ತದೆ. ಮಾಜಿ ಪ್ರಿಯತಮನನ್ನು ಮರೆಯಬಹುದು, ಮಗುವಿನ ತಂದೆಯನ್ನು ಲೆಕ್ಕದಿಂದ ತೆಗೆದುಹಾಕಲಾಗದು. ಅಡ್ಡಿಯೂ ಅದೇ, ಸೇತುವೆಯೂ ಅದೇ.

ಒಂದು ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಗುಟ್ಟಿನ ಮಗು ಎಂದೊಡನೆ ಕನ್ನಡ ಓದುಗರಿಗೆ ನೆನಪಾಗುವವನು ಕರ್ಣ. ಆದರೆ ಕುಂತಿ ಮಗುವನ್ನು ಬಚ್ಚಿಟ್ಟದ್ದು ಲೋಕದಿಂದ, ಸೂರ್ಯನಿಂದಲ್ಲ. ಪ್ರಣಯ ಕಾದಂಬರಿಯ ತಾಯಿ ಮಗುವನ್ನು ತೊರೆಯುವುದಿಲ್ಲ; ಊರೆಲ್ಲ ನೋಡುವಂತೆ ಸಾಕುತ್ತಾಳೆ. ಒಬ್ಬನಿಗೆ ಮಾತ್ರ ತಿಳಿಸುವುದಿಲ್ಲ.

ವ್ಯಾಸರ ದುಷ್ಯಂತ, ಕಾಳಿದಾಸನ ದುಷ್ಯಂತ

ಈ ಮಾದರಿಗೆ ಹತ್ತಿರದ ಹಳೆಯ ಕಥೆಯೆಂದರೆ ಶಕುಂತಲೆಯದು. ಅದು ನಮಗೆ ಎರಡು ರೂಪಗಳಲ್ಲಿ ದೊರೆತಿದೆ. ಹೊಣೆಯ ಪ್ರಶ್ನೆಗೆ ಎರಡೂ ಬೇರೆ ಬೇರೆ ಉತ್ತರ ಕೊಡುತ್ತವೆ.

ಮಹಾಭಾರತದ ಆದಿಪರ್ವದಲ್ಲಿ ಉಂಗುರವೂ ಇಲ್ಲ, ಶಾಪವೂ ಇಲ್ಲ. ಬೇಟೆಗೆ ಬಂದ ದುಷ್ಯಂತ ಕಣ್ವರ ಆಶ್ರಮದಲ್ಲಿ ಶಕುಂತಲೆಯನ್ನು ಗಾಂಧರ್ವ ವಿಧಿಯಿಂದ ವರಿಸುತ್ತಾನೆ. ತನಗೆ ಹುಟ್ಟುವ ಮಗನೇ ಯುವರಾಜನಾಗಬೇಕೆಂಬ ಷರತ್ತು ಹಾಕಿಯೇ ಆಕೆ ಒಪ್ಪುತ್ತಾಳೆ. ಕರೆಸಿಕೊಳ್ಳುವೆನೆಂದು ಹೋದ ರಾಜ ಕರೆಸಿಕೊಳ್ಳುವುದಿಲ್ಲ. ಹುಲಿ ಸಿಂಹಗಳನ್ನೇ ಪಳಗಿಸಬಲ್ಲ ಮಗನನ್ನು ಕರೆದುಕೊಂಡು ಶಕುಂತಲೆ ವರ್ಷಗಳ ಬಳಿಕ ತಾನೇ ರಾಜಸಭೆಗೆ ಬರುತ್ತಾಳೆ. ರಾಜನಿಗೆ ಎಲ್ಲವೂ ನೆನಪಿದೆ. ನೆನಪಿದ್ದೂ ಗೊತ್ತಿಲ್ಲವೆನ್ನುತ್ತಾನೆ, ತುಂಬಿದ ಸಭೆಯಲ್ಲಿ ಹೀಯಾಳಿಸುತ್ತಾನೆ. ಆಕೆ ಅಳುತ್ತಾ ಕೂರುವುದಿಲ್ಲ. ಸತ್ಯ, ಧರ್ಮ, ಮಗನ ಮಹತ್ವಗಳನ್ನು ಕುರಿತು ರಾಜನಿಗೆ ದೀರ್ಘವಾಗಿ ಬುದ್ಧಿ ಹೇಳಿ ಹೊರಡುತ್ತಾಳೆ. ಅಶರೀರವಾಣಿ ಸಾಕ್ಷಿ ನುಡಿದ ಮೇಲೆ ರಾಜ ಒಪ್ಪಿಕೊಳ್ಳುತ್ತಾನೆ. ತನಗೆ ತಿಳಿದಿತ್ತು, ಆದರೆ ಹೆಣ್ಣಿನ ಮಾತೊಂದನ್ನೇ ನಂಬಿ ಸ್ವೀಕರಿಸಿದ್ದರೆ ಪ್ರಜೆಗಳು ಸಂಶಯಪಡುತ್ತಿದ್ದರು ಎಂಬುದು ಆತನ ಸಮಜಾಯಿಷಿ. ಇಂದಿನ ಓದುಗರಿಗೆ ಈ ಸಮಜಾಯಿಷಿ ಸಾಲದು ಎನಿಸಿದರೆ ಆಶ್ಚರ್ಯವಿಲ್ಲ.

ಕಾಳಿದಾಸನಿಗೂ ಸಾಲದೆನಿಸಿರಬೇಕು. ಪ್ರೇಕ್ಷಕರು ಪ್ರೀತಿಸಬೇಕಾದ ನಾಯಕ ಸುಳ್ಳುಗಾರನಾಗಿ ಉಳಿದರೆ ನಾಟಕ ನಿಲ್ಲುವುದಿಲ್ಲ. ಆತ ದೂರ್ವಾಸರ ಶಾಪವನ್ನು ತಂದ. ರಾಜ ಈಗ ವಂಚಕನಲ್ಲ, ಮರೆವಿಗೆ ಸಿಕ್ಕ ಅಮಾಯಕ. ಶಾಪದ ಸುದ್ದಿ ಶಕುಂತಲೆಗೂ ತಿಳಿಯದು. ಸಖಿಯರಾದ ಅನಸೂಯೆ, ಪ್ರಿಯಂವದೆಯರು ಆಕೆಯ ಮನಸ್ಸು ನೋಯಬಾರದೆಂದು ಮುಚ್ಚಿಡುತ್ತಾರೆ. ಉಂಗುರ ನೀರುಪಾಲಾಗಿ, ಮೀನಿನ ಹೊಟ್ಟೆಯಿಂದ ಬೆಸ್ತನ ಕೈ ಸೇರಿ ರಾಜನಿಗೆ ನೆನಪು ಮರಳುವ ವೇಳೆಗೆ ಆಕೆ ಕಣ್ಮರೆಯಾಗಿದ್ದಾಳೆ. ಕೊನೆಯ ಅಂಕದಲ್ಲಿ ಮಾರೀಚರ ಆಶ್ರಮದಲ್ಲಿ ಸಿಂಹದ ಮರಿಯ ಬಾಯಿ ತೆರೆದು ಹಲ್ಲೆಣಿಸಲು ಹೊರಟ ಬಾಲಕನನ್ನು ಕಂಡು, ಯಾರ ಮಗುವೆಂದು ತಿಳಿಯುವ ಮುನ್ನವೇ ರಾಜನ ಹೃದಯ ಕರಗುತ್ತದೆ. ಬಿದ್ದ ತಾಯಿತವನ್ನು ತಂದೆತಾಯಿಗಳಲ್ಲದೆ ಬೇರೆಯವರು ಎತ್ತಿಕೊಂಡರೆ ಅದು ಹಾವಾಗಿ ಕಚ್ಚುತ್ತದೆ. ರಾಜ ಎತ್ತಿಕೊಂಡಾಗ ಏನೂ ಆಗುವುದಿಲ್ಲ. ಇಂದಿನ ಕಾದಂಬರಿಯಲ್ಲಿ ಆ ತಾಯಿತದ ಜಾಗದಲ್ಲಿ ಪ್ರಯೋಗಾಲಯದ ವರದಿ ಇರುತ್ತದೆ. ಮೈಸೂರಿನ ಆಸ್ಥಾನ ಕವಿ ಬಸವಪ್ಪ ಶಾಸ್ತ್ರಿಗಳು ಈ ನಾಟಕವನ್ನು ಕನ್ನಡಕ್ಕೆ ತಂದು ‘ಅಭಿನವ ಕಾಳಿದಾಸ’ ಎನಿಸಿಕೊಂಡರು. ಕನ್ನಡಿಗರ ಮನಸ್ಸಿನಲ್ಲಿ ನಿಂತಿರುವವನೂ ಕಾಳಿದಾಸನ ದುಷ್ಯಂತನೇ, ವ್ಯಾಸರ ದುಷ್ಯಂತನಲ್ಲ.

ಪಶ್ಚಿಮದಲ್ಲೂ ಈ ಸಾಮಗ್ರಿ ಹಳೆಯದೇ. ಹದಿನಾಲ್ಕನೆಯ ಶತಮಾನದ ಬೊಕಾಚಿಯೊನ ‘ಡೆಕಮೆರಾನ್’ನಲ್ಲಿ ಜಿಲೆಟ್ಟಾ ಎಂಬವಳು ತನ್ನನ್ನು ತೊರೆದ ಗಂಡನ ಮುಂದೆ ಆತನ ಉಂಗುರವನ್ನೂ ಆತನನ್ನೇ ಹೋಲುವ ಅವಳಿ ಗಂಡುಮಕ್ಕಳನ್ನೂ ತಂದು ನಿಲ್ಲಿಸುತ್ತಾಳೆ. ಶೇಕ್ಸ್‌ಪಿಯರ್ ಇದನ್ನೇ ‘ಆಲ್ಸ್ ವೆಲ್ ದಟ್ ಎಂಡ್ಸ್ ವೆಲ್’ ನಾಟಕಕ್ಕೆ ಬಳಸಿಕೊಂಡ. ಉಂಗುರ, ಮಗು, ಮರೆತ ಅಥವಾ ಮರೆತಂತೆ ನಟಿಸಿದ ಗಂಡ: ಮೂರೂ ಅಲ್ಲಿವೆ.

ಶಾಪದ ಬದಲು ಪತ್ರ

ಆಧುನಿಕ ಕಾದಂಬರಿಯಲ್ಲಿ ಋಷಿಗಳು ಶಾಪ ಕೊಡುವುದಿಲ್ಲ. ಆ ಕೆಲಸಕ್ಕೆ ಕಳೆದುಹೋದ ಪತ್ರವಿದೆ, ಸುಳ್ಳು ಹೇಳುವ ಅತ್ತೆಯಿದ್ದಾಳೆ, ಫೋನ್ ಸಂದೇಶವನ್ನು ಅಳಿಸಿಹಾಕುವ ಕಾರ್ಯದರ್ಶಿಯಿದ್ದಾಳೆ, ಅಪಘಾತದಿಂದ ಬಂದ ಮರೆವೂ ಇದೆ. ನಿಕೋಲಸ್ ಸ್ಪಾರ್ಕ್ಸ್ ಅವರ ‘ದಿ ನೋಟ್‌ಬುಕ್’ (1996) ಕಾದಂಬರಿಯಲ್ಲಿ ನೋವಾ ಬರೆದ ಪತ್ರಗಳನ್ನು ಆಲಿಯ ತಾಯಿ ಮಗಳಿಗೆ ತಲುಪಿಸುವುದೇ ಇಲ್ಲ. ಹದಿನಾಲ್ಕು ವರ್ಷ ಉರುಳಿಹೋಗುತ್ತದೆ. ಆ ಪತ್ರಗಳ ಗಂಟು ದೂರ್ವಾಸರ ಶಾಪದ ವಂಶಕ್ಕೇ ಸೇರಿದ್ದು. ನಾಯಕನೂ ತಪ್ಪಿತಸ್ಥನಲ್ಲ, ನಾಯಕಿಯೂ ಅಲ್ಲ. ದೂರಲು ಮೂರನೆಯವರು ಇದ್ದಾರೆ. ಗುಟ್ಟಿನ ಮಗುವಿನ ಕಥೆಗಳಲ್ಲಿ ಬಹುಪಾಲು ಈ ದಾರಿಯನ್ನೇ ಹಿಡಿಯುತ್ತವೆ: ಆಕೆ ತಿಳಿಸಲು ಯತ್ನಿಸಿದ್ದಳು, ಯಾರೋ ತಡೆದರು.

ಓದುಗರು ಇದನ್ನು ಬಯಸುತ್ತಾರೆಯೇ? ಜಾನಿಸ್ ರ‍್ಯಾಡ್‌ವೇ 1984ರಲ್ಲಿ ಪ್ರಕಟಿಸಿದ ‘ರೀಡಿಂಗ್ ದ ರೊಮ್ಯಾನ್ಸ್’ ಅಮೆರಿಕದ ಪಟ್ಟಣವೊಂದರ ಓದುಗ ಮಹಿಳೆಯರನ್ನು ಕುರಿತ ಅಧ್ಯಯನ. ನಾಯಕನ ನಿಷ್ಠುರತೆಗೆ ಕೊನೆಯಲ್ಲಿ ಒಂದು ವಿವರಣೆ ಸಿಗುವುದು, ಆ ನಿಷ್ಠುರತೆಯ ಅಡಿಯಲ್ಲಿ ಪ್ರೀತಿಯೇ ಇತ್ತೆಂದು ತಿಳಿಯುವುದು ಆ ಓದುಗರಿಗೆ ಎಷ್ಟು ಮುಖ್ಯವೆಂಬುದನ್ನು ಅದು ತೋರಿಸಿತು. ನೋವು ಕೊಟ್ಟವನು ಬೇಕೆಂದು ಕೊಡಲಿಲ್ಲ ಎಂಬ ಸಮಾಧಾನ ಅದು. ಸಮಾಧಾನವೇನೋ ಸರಿ, ಆದರೆ ಅದಕ್ಕೊಂದು ಬೆಲೆಯಿದೆ. ಯಾರೂ ತಪ್ಪು ಮಾಡದ ಕಥೆಯಲ್ಲಿ ಕ್ಷಮಿಸುವುದಕ್ಕೂ ಏನೂ ಉಳಿಯುವುದಿಲ್ಲ. ಪತ್ರ ಸಿಕ್ಕಿತು, ತಪ್ಪು ತಿಳಿವಳಿಕೆ ಹೋಯಿತು, ಕಥೆ ಮುಗಿಯಿತು.

ಇನ್ನೊಂದು ದಾರಿಯನ್ನು ಜೇನ್ ಆಸ್ಟಿನ್ ಎರಡು ಶತಮಾನಗಳ ಹಿಂದೆಯೇ ತೋರಿಸಿದ್ದರು. ಆಕೆ ತೀರಿಕೊಂಡ ವರ್ಷ, 1817ರ ಕೊನೆಯಲ್ಲಿ ಪ್ರಕಟವಾದ ‘ಪರ್ಸುಯೇಷನ್’ನಲ್ಲಿ ಶಾಪವೂ ಇಲ್ಲ, ಕದ್ದ ಪತ್ರವೂ ಇಲ್ಲ. ಹತ್ತೊಂಬತ್ತರ ಆ್ಯನ್ ಎಲಿಯಟ್ ಬಡ ನೌಕಾಧಿಕಾರಿ ವೆಂಟ್‌ವರ್ತ್‌ನನ್ನು ಒಪ್ಪಿ, ಅನಂತರ ತಾಯಿಯಂತಿದ್ದ ಲೇಡಿ ರಸೆಲ್ ಮಾತಿಗೆ ಮಣಿದು ನಿರಾಕರಿಸುತ್ತಾಳೆ. ಮಣಿದವಳು ಆಕೆಯೇ. ಎಂಟು ವರ್ಷಗಳ ಬಳಿಕ ವೆಂಟ್‌ವರ್ತ್ ಯುದ್ಧದಲ್ಲಿ ಗಳಿಸಿದ 25,000 ಪೌಂಡುಗಳೊಂದಿಗೆ, ಆರದ ಸಿಟ್ಟಿನೊಂದಿಗೆ ಮರಳುತ್ತಾನೆ. ಆ ಸಿಟ್ಟಿನಲ್ಲಿ ತನ್ನದೂ ಪಾಲಿತ್ತು, ಹಣ ಬಂದ ಮೇಲಾದರೂ ಒಂದು ಸಾಲು ಬರೆದು ಕೇಳದೆ ಹೋದದ್ದು ತನ್ನ ಅಹಂಕಾರ ಎಂದು ಆತ ಕೊನೆಗೆ ಒಪ್ಪಿಕೊಳ್ಳುತ್ತಾನೆ. ಆ್ಯನ್ ಉತ್ತರ ಇನ್ನೂ ಸೂಕ್ಷ್ಮ: ಹಿರಿಯರ ಸಲಹೆ ತಪ್ಪಾಗಿದ್ದಿರಬಹುದು, ಆ ವಯಸ್ಸಿನಲ್ಲಿ ತಾನು ಅದಕ್ಕೆ ಮಣಿದದ್ದು ತಪ್ಪಲ್ಲ ಎಂದು ಆಕೆ ನಿಲ್ಲುತ್ತಾಳೆ. ಇಬ್ಬರೂ ತಮ್ಮ ತಮ್ಮ ಪಾಲಿನ ಲೆಕ್ಕ ಒಪ್ಪಿಸಿದ ಮೇಲೆಯೇ ಎರಡನೆಯ ಅವಕಾಶ ದೊರೆಯುತ್ತದೆ. ಈ ಪ್ರಕಾರದಲ್ಲಿ ಇದನ್ನು ಮೀರಿಸಿದ ಕಾದಂಬರಿ ಇನ್ನೂ ಬಂದಿಲ್ಲವೆಂದರೆ ಅತಿಶಯವಾಗದು.

ಇತ್ತೀಚಿನ ಒಳ್ಳೆಯ ಕಾದಂಬರಿಗಳು ಈ ದಾರಿಗೆ ಮರಳುತ್ತಿರುವುದು ಗಮನಾರ್ಹ. ಕೆನಡಾದ ಕಾರ್ಲಿ ಫಾರ್ಚೂನ್ ಅವರ ‘ಎವ್ರಿ ಸಮ್ಮರ್ ಆಫ್ಟರ್’ (2022) ಕಾದಂಬರಿಯಲ್ಲಿ ಹನ್ನೆರಡು ವರ್ಷಗಳ ಅಗಲಿಕೆಗೆ ಕಾರಣವಾದ ತಪ್ಪು ನಾಯಕಿಯದೇ. ಟಿಯಾ ವಿಲಿಯಮ್ಸ್ ಅವರ ‘ಸೆವೆನ್ ಡೇಸ್ ಇನ್ ಜೂನ್’ (2021) ಹರೆಯದಲ್ಲಿ ಒಂದು ವಾರ ಜೊತೆಗಿದ್ದು ಬೇರೆಯಾದ ಇಬ್ಬರು ಲೇಖಕರ ಕಥೆ. ಹದಿನೈದು ವರ್ಷಗಳ ಬಳಿಕ ಭೇಟಿಯಾದಾಗ, ಒಬ್ಬರನ್ನೊಬ್ಬರು ತಮ್ಮ ಪುಸ್ತಕಗಳಲ್ಲಿ ಬರೆಯುತ್ತಲೇ ಬಂದಿದ್ದರೆಂಬುದು ಬಯಲಾಗುತ್ತದೆ.

ಮಗುವಿನ ಕಥೆಯಲ್ಲಿ ಈ ಪ್ರಾಮಾಣಿಕತೆ ಹೆಚ್ಚು ಕಷ್ಟ. ಪ್ರಿಯತಮನಿಗೆ ಹೇಳಿದ ಸುಳ್ಳನ್ನು ಕ್ಷಮಿಸಬಹುದು. ಮಗುವಿನ ಐದು ವರ್ಷಗಳನ್ನು ಬಚ್ಚಿಟ್ಟದ್ದನ್ನು ಕ್ಷಮಿಸುವ ಹಕ್ಕು ತಂದೆಯೊಬ್ಬನದೇ ಅಲ್ಲ, ಮಗುವಿನದೂ ಹೌದು. ಸೂಸನ್ ಎಲಿಜಬೆತ್ ಫಿಲಿಪ್ಸ್ ಅವರ ‘ನೋಬಡೀಸ್ ಬೇಬಿ ಬಟ್ ಮೈನ್’ (1997) ಈ ಇಕ್ಕಟ್ಟನ್ನು ಇನ್ನಷ್ಟು ಬಿಗಿಗೊಳಿಸಿತು. ಅದರ ನಾಯಕಿ ಭೌತವಿಜ್ಞಾನಿ. ಫುಟ್‌ಬಾಲ್ ಆಟಗಾರನನ್ನು ವಂಚಿಸಿ ಬೇಕೆಂದೇ ಗರ್ಭಿಣಿಯಾಗುತ್ತಾಳೆ. ಪ್ರಕಟವಾದ ಕಾಲದಲ್ಲಿ ಅದು ಹಾಸ್ಯಕಾದಂಬರಿಯಾಗಿ ಮೆಚ್ಚುಗೆ ಪಡೆಯಿತು. ಅದೇ ಪುಟಗಳನ್ನು ಇಂದು ಓದಿದರೆ ಗಂಡಸಿನ ಸಮ್ಮತಿಯ ಪ್ರಶ್ನೆ ಎದ್ದು ಕಾಣುತ್ತದೆ.

ತಂತ್ರಜ್ಞಾನವೂ ಈ ಸೂತ್ರಕ್ಕೆ ತೊಡಕಾಗಿದೆ. 1984ರಲ್ಲಿ ಅಲೆಕ್ ಜೆಫ್ರಿಸ್ ಲೆಸ್ಟರ್ ವಿಶ್ವವಿದ್ಯಾಲಯದಲ್ಲಿ ಡಿಎನ್‌ಎ ಬೆರಳಚ್ಚಿನ ವಿಧಾನ ಕಂಡುಹಿಡಿದ ಮೇಲೆ ‘ಈ ಮಗು ನನ್ನದಲ್ಲ’ ಎಂಬ ಮಾತಿಗೆ ಆಯುಷ್ಯ ಕಡಿಮೆಯಾಯಿತು. ಮೊಬೈಲ್ ಮತ್ತು ಜಾಲತಾಣಗಳು ಬಂದ ಮೇಲೆ ‘ನಿನ್ನನ್ನು ಹುಡುಕಲಾಗಲಿಲ್ಲ’ ಎಂಬ ನೆಪವೂ ಹೋಯಿತು. ಕೋಟ್ಯಧಿಪತಿಯ ವಿಳಾಸ ಸಿಗಲಿಲ್ಲವೆಂದರೆ ಈಗ ಯಾರು ನಂಬುತ್ತಾರೆ? ಹೀಗಾಗಿ ಇಂದಿನ ಲೇಖಕಿ ಮೌನಕ್ಕೆ ಗಟ್ಟಿಯಾದ ಕಾರಣ ಕೊಡಬೇಕಾಗಿದೆ: ಆತನ ಹಿಂಸೆ, ಆತನ ಮನೆತನದ ಬೆದರಿಕೆ, ಅಥವಾ ಮಗುವನ್ನು ಕಸಿದುಕೊಳ್ಳಬಹುದೆಂಬ ಭಯ.

ಕಾದಂಬರಿಯ ಆಚೆಗಿನ ಮೌನ

ಈ ಭಯ ಕಲ್ಪನೆಯದಲ್ಲ. ಈ ಕಾದಂಬರಿಗಳನ್ನು ಓದುತ್ತಿದ್ದ ಒಂದು ತಲೆಮಾರಿನ ಹೆಂಗಸರಿಗೆ ಅದು ಕಣ್ಣೆದುರಿನ ಸಂಗತಿಯಾಗಿತ್ತು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1949ರಿಂದ 1976ರ ನಡುವೆ ಅವಿವಾಹಿತ ತಾಯಂದಿರಿಂದ ಸುಮಾರು 1,85,000 ಮಕ್ಕಳನ್ನು ಬೇರ್ಪಡಿಸಿ ದತ್ತು ಕೊಡಲಾಯಿತೆಂದು ಬ್ರಿಟಿಷ್ ಸಂಸತ್ತಿನ ಮಾನವ ಹಕ್ಕುಗಳ ಜಂಟಿ ಸಮಿತಿ 2022ರ ವರದಿಯಲ್ಲಿ ಅಂದಾಜಿಸಿತು. ಆಸ್ಟ್ರೇಲಿಯಾದ ಪ್ರಧಾನಿ ಜೂಲಿಯಾ ಗಿಲಾರ್ಡ್ ಇಂಥದ್ದೇ ಬಲವಂತದ ದತ್ತುಗಳಿಗಾಗಿ 2013ರ ಮಾರ್ಚ್‌ನಲ್ಲಿ ದೇಶದ ಪರವಾಗಿ ಕ್ಷಮೆ ಕೇಳಿದರು. ಅಲ್ಲಿ ಗುಟ್ಟು ತಾಯಿಯ ಆಯ್ಕೆಯಾಗಿರಲಿಲ್ಲ. ಮನೆಯವರು, ಆಶ್ರಯಧಾಮದವರು, ಆಸ್ಪತ್ರೆಯವರು ಸೇರಿ ಆಕೆಯ ಮೇಲೆ ಹೇರಿದ ಗುಟ್ಟು ಅದು. ಈ ಇತಿಹಾಸದ ಪಕ್ಕದಲ್ಲಿಟ್ಟು ನೋಡಿದರೆ ಕಾದಂಬರಿಯ ನಾಯಕಿ ಮಗುವನ್ನು ತನ್ನ ಬಳಿಯೇ ಉಳಿಸಿಕೊಳ್ಳುತ್ತಾಳೆಂಬ ಸಾಧಾರಣ ಸಂಗತಿಗೇ ಬೇರೆ ತೂಕ ಬರುತ್ತದೆ. ಹೇಳಬೇಕೇ ಬೇಡವೇ ಎಂದು ನಿರ್ಧರಿಸುವವಳು ಅಲ್ಲಿ ಆಕೆಯೇ.

ತಂದೆಯ ಹಕ್ಕಿನ ಪ್ರಶ್ನೆಯೂ ಅದೇ ಕಾಲದಲ್ಲಿ ನ್ಯಾಯಾಲಯಗಳ ಮೆಟ್ಟಿಲೇರಿತ್ತು. ಅವಿವಾಹಿತ ತಂದೆಯನ್ನು ವಿಚಾರಣೆಯಿಲ್ಲದೆ ಅಯೋಗ್ಯನೆಂದು ಭಾವಿಸುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1972ರಲ್ಲಿ ಹೇಳಿತು. 1983ರಲ್ಲಿ ಅದೇ ನ್ಯಾಯಾಲಯ, ಮಗುವಿನೊಂದಿಗೆ ಸಂಬಂಧ ಬೆಳೆಸದ, ಸರ್ಕಾರದ ನೋಂದಣಿಯಲ್ಲೂ ಹೆಸರು ದಾಖಲಿಸದ ತಂದೆಗೆ ದತ್ತು ಪ್ರಕ್ರಿಯೆಯ ಸೂಚನೆ ಕೊಡಬೇಕಾಗಿಲ್ಲ ಎಂದಿತು. ರಕ್ತಸಂಬಂಧವೊಂದೇ ಸಾಲದು, ತಂದೆತನವನ್ನು ನಡೆದು ತೋರಿಸಬೇಕು ಎಂಬುದು ಅದರ ಧ್ವನಿ. ಪ್ರಣಯ ಕಾದಂಬರಿಯ ದ್ವಿತೀಯಾರ್ಧದಲ್ಲಿ ನಾಯಕ ಮಾಡುವುದೂ ಇದನ್ನೇ: ಜ್ವರ ಬಂದ ಮಗುವಿನ ಪಕ್ಕ ರಾತ್ರಿಯಿಡೀ ಎಚ್ಚರವಿರುತ್ತಾನೆ, ಶೂ ಲೇಸು ಕಟ್ಟಲು ಕಲಿಸುತ್ತಾನೆ.

ಭಾರತದ ಸುಪ್ರೀಂ ಕೋರ್ಟ್ ಮುಂದೆ 2015ರಲ್ಲಿ ಬಂದ ಪ್ರಕರಣ ಈ ಎಲ್ಲ ಕಾದಂಬರಿಗಳಿಗಿಂತ ಹೆಚ್ಚು ಮನ ಕಲಕುವಂಥದ್ದು. ಅವಿವಾಹಿತ ತಾಯಿಯೊಬ್ಬರು ಮಗನ ಪೋಷಕತ್ವ ಕೋರಿದ್ದರು. ತಂದೆಯ ಹೆಸರು ಹೇಳಲು ಅವರು ಒಪ್ಪಲಿಲ್ಲ. ಮಗುವಿನ ಇರವೇ ಆತನಿಗೆ ತಿಳಿದಿಲ್ಲ ಎಂಬುದು ಅವರ ಹೇಳಿಕೆಯಾಗಿತ್ತು. ಕೆಳಗಿನ ನ್ಯಾಯಾಲಯಗಳು ಅರ್ಜಿ ತಳ್ಳಿಹಾಕಿದ್ದವು. ತಂದೆಯ ಹೆಸರು ಬಹಿರಂಗಪಡಿಸದೆ, ಆತನಿಗೆ ನೋಟಿಸ್ ಕೊಡದೆ ಅವಿವಾಹಿತ ತಾಯಿ ಪೋಷಕಿಯಾಗಬಹುದು ಎಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಆದರೆ ಹೆತ್ತವರು ಯಾರೆಂದು ತಿಳಿಯುವ ಹಕ್ಕು ಮಗುವಿಗೂ ಇದೆಯಲ್ಲ? ನ್ಯಾಯಮೂರ್ತಿಗಳು ತಾಯಿಯೊಂದಿಗೆ ಮಾತನಾಡಿ ತಂದೆಯ ವಿವರ ಪಡೆದು, ಅದನ್ನು ಲಕೋಟೆಯಲ್ಲಿಟ್ಟು ಮೊಹರು ಹಾಕಿಸಿದರು. ನ್ಯಾಯಾಲಯದ ನಿರ್ದಿಷ್ಟ ಆದೇಶವಿಲ್ಲದೆ ಅದನ್ನು ತೆರೆಯುವಂತಿಲ್ಲ. ತಾಯಿಯ ಮೌನವೂ ಉಳಿಯಿತು, ಮಗುವಿನ ಪ್ರಶ್ನೆಗೆ ಉತ್ತರವೂ ಉಳಿಯಿತು.

ಪ್ರಣಯ ಕಾದಂಬರಿ ಲಕೋಟೆಯನ್ನು ಹಾಗೆ ಮುಚ್ಚಿ ಇಡಲಾರದು. ಸುಖಾಂತ್ಯದ ಷರತ್ತು ಅದನ್ನು ಒಡೆಯಲೇಬೇಕೆನ್ನುತ್ತದೆ. ಹಿಂದಿ ಚಿತ್ರರಂಗಕ್ಕೆ ಆ ಕಟ್ಟುಪಾಡು ಇರಲಿಲ್ಲ. ಎರಿಕ್ ಸೀಗಲ್ ಅವರ ‘ಮ್ಯಾನ್, ವುಮನ್ ಅಂಡ್ ಚೈಲ್ಡ್’ ಆಧರಿಸಿ ಶೇಖರ್ ಕಪೂರ್ 1983ರಲ್ಲಿ ತೆಗೆದ ‘ಮಾಸೂಮ್’ನಲ್ಲಿ ಗುಟ್ಟಿನ ಮಗು ಬಂದು ನಿಲ್ಲುವುದು ಗೃಹಸ್ಥನ ಮನೆ ಬಾಗಿಲಲ್ಲಿ, ಕ್ಷಮಿಸಬೇಕಾದವಳು ಮಗುವಿನ ತಾಯಿಯಲ್ಲ, ಆತನ ಹೆಂಡತಿ. 2009ರ ‘ಪಾ’ ಚಿತ್ರದಲ್ಲಿ ತಂದೆ ತನಗೆ ಮಗುವಿರುವುದನ್ನೇ ಅರಿಯದ ರಾಜಕಾರಣಿ. ಮಗುವನ್ನು ಬೇಡವೆಂದವನು ತಾನೇ ಎಂಬ ಸತ್ಯದಿಂದ ಚಿತ್ರ ಆತನನ್ನು ಪಾರುಮಾಡುವುದಿಲ್ಲ.

ಕಾಳಿದಾಸನ ಕೊನೆಯ ಅಂಕದಲ್ಲಿ ಬಾಲಕ ಇವರಾರೆಂದು ಕೇಳಿದಾಗ ಶಕುಂತಲೆ ನೇರ ಉತ್ತರ ಕೊಡದೆ ವಿಧಿಯ ಕಡೆಗೆ ಕೈ ತೋರುತ್ತಾಳೆ. ಇಂದಿನ ಕಾದಂಬರಿಯಲ್ಲಿ ಈ ಪ್ರಶ್ನೆಗೆ ಒಂದಿಡೀ ಅಧ್ಯಾಯವೇ ಮೀಸಲು. ಅಡುಗೆಮನೆಯ ಮೇಜಿನ ಸುತ್ತ ಮೂವರೂ ಕೂರುತ್ತಾರೆ, ಇಬ್ಬರು ದೊಡ್ಡವರೂ ಮಾತು ಹೊರಡದೆ ತಡವರಿಸುತ್ತಾರೆ, ಮಗು ತನಗೆ ಮೊದಲೇ ಗೊತ್ತಿತ್ತೆಂಬಂತೆ ಮುಂದಿನ ತುತ್ತಿಗೆ ಕೈ ಹಾಕುತ್ತದೆ. ಅದಾದ ಮೇಲೆ ಸಾಮಾನ್ಯವಾಗಿ ನಾಲ್ಕೈದು ಪುಟಗಳ ಉಪಸಂಹಾರವಿರುತ್ತದೆ. ಒಂದೆರಡು ವರ್ಷ ಕಳೆದಿದೆ, ಆಸ್ಪತ್ರೆಯ ಕೋಣೆ, ಎರಡನೆಯ ಮಗು ಆಗತಾನೇ ಹುಟ್ಟಿದೆ. ಈ ಬಾರಿ ತಂದೆ ಹಾಸಿಗೆಯ ಪಕ್ಕದಲ್ಲೇ ಇದ್ದಾನೆ.